ಕ್ಯಾಮೆರಾ ಬರುವವರೆಗೆ ಇಟ್ಟ ಗೂಡು

ನಮ್ಮ ಕಚೇರಿಯಲ್ಲಿ ಎರಡು ಬಗೆಯ ಕಡತಗಳಿದ್ದವು: ಪತ್ರಿಕೆಯ ತುಣುಕು ಅಂಟಿಸಿಕೊಂಡವು ಮತ್ತು ಅಂಟಿಸಿಕೊಳ್ಳದವು. ತುಣುಕು ಇದ್ದ ಕಡತದ ಮೇಲೆ ಕೆಂಪು ಶಾಯಿಯಲ್ಲಿ 'ಪತ್ರಿಕಾ ವರದಿ, ತುರ್ತು' ಎಂದು ಬರೆದು ಮೇಲಿನಿಂದ ಕಳಿಸುತ್ತಿದ್ದರು. ಅದು ಯಾವ ಮೇಜಿನ ಮೇಲೂ ಒಂದು ದಿನಕ್ಕಿಂತ ಹೆಚ್ಚು ಕೂರುತ್ತಿರಲಿಲ್ಲ. ತುಣುಕಿಲ್ಲದ್ದು ನನ್ನ ಕುರ್ಚಿಯ ಹಿಂದಿನ ಕಬ್ಬಿಣದ ಬೀರುವಿನಲ್ಲಿ ಯಾರ ತಂಟೆಯೂ ಇಲ್ಲದೆ ಮಲಗಿರುತ್ತಿತ್ತು.

ನಾನು ಆಗ ಕನಕಪುರದ ಕಡೆ ರೀಲರುಗಳ ಕೆಲಸ ನೋಡಿಕೊಳ್ಳುವ ನಿರೀಕ್ಷಕ. ರೀಲರು ಅಂದರೆ ಮಾರುಕಟ್ಟೆಯಲ್ಲಿ ರೇಷ್ಮೆಗೂಡು ಕೊಂಡು, ಬಿಸಿನೀರಿನ ಬೇಸಿನ್ನಿನಲ್ಲಿ ಹಾಕಿ, ನೂಲು ಬಿಚ್ಚುವವರು. ಬೈಕಿನ ಡಬ್ಬಿಯಲ್ಲಿ ಥರ್ಮಾಮೀಟರು, ಬ್ಲೇಡು, ಅರ್ಜಿ ನಮೂನೆ ಇಟ್ಟುಕೊಂಡು ಊರೂರು ಸುತ್ತುತ್ತಿದ್ದೆ. ಹಾರೋಹಳ್ಳಿಯಲ್ಲಿ ಒಂದರ ಹಿಂದೆ ಒಂದು ಕಾರ್ಖಾನೆ ಏಳುತ್ತಿದ್ದ ಕಾಲ ಅದು. ಬೆಳಿಗ್ಗೆ ಊರ ಬಾಗಿಲಿಗೇ ಬಸ್ಸು ಬಂದು ಹೆಣ್ಣುಮಕ್ಕಳನ್ನು ಹತ್ತಿಸಿಕೊಂಡು ಹೋಗುತ್ತಿತ್ತು. ಬೇಸಿನ್ನಿನ ಮುಂದೆ ಬೆರಳು ಬೇಯಿಸಿಕೊಳ್ಳುವವರು ತಿಂಗಳು ತಿಂಗಳಿಗೂ ಕಡಿಮೆಯಾಗುತ್ತಿದ್ದರು.

ಕಬ್ಬಾಳಿನ ದಾರಿಯ ಒಂದು ಹಳ್ಳಿಯಲ್ಲಿ ಒಕ್ಕಲು ಮನೆತನದ ಹೆಂಗಸೊಬ್ಬರು ಮನೆಯ ಹಿಂದೆ ಶೆಡ್ಡು ಹಾಕಿ ಎಂಟು ಬೇಸಿನ್ ನಡೆಸುತ್ತಿದ್ದರು. ಗಂಡ ಹೊಲ ನೋಡಿಕೊಳ್ಳುತ್ತಿದ್ದ. ಮಾರುಕಟ್ಟೆಗೆ ಹೋಗಿ ಗೂಡು ಮುಟ್ಟಿ, ಕಿವಿಯ ಹತ್ತಿರ ಅಲ್ಲಾಡಿಸಿ, ಹರಾಜು ಕೂಗುತ್ತಿದ್ದುದೆಲ್ಲ ಈ ಅಕ್ಕನೇ. ಗೂಡು ಅಲ್ಲಾಡಿಸಿ ಒಳಗಿನ ಹುಳದ ಸದ್ದು ಕೇಳಿ ಎಷ್ಟು ದಿನದ್ದೆಂದು ಹೇಳುವುದನ್ನು ನಾನು ತರಬೇತಿಯಲ್ಲಿ ಕಲಿತಿದ್ದೆ. ಅವರು ನನಗಿಂತ ಚೆನ್ನಾಗಿ ಹೇಳುತ್ತಿದ್ದರು. ಆದರೂ ನಾನು ಥರ್ಮಾಮೀಟರು ತೆಗೆದರೆ ಕೈಕಟ್ಟಿ ನಿಂತು, ಹೇಳಿದ ಹಾಗೆ ಕೇಳುತ್ತಿದ್ದರು.

ಅವರು ಕೇಳಿದ್ದು ಒಂದೇ ಒಂದು, ಬಿಸಿಗಾಳಿಯ ಡ್ರೈಯರು. ಸರ್ಕಾರ ಅದಕ್ಕೆ ಅರ್ಧ ಸಹಾಯಧನ ಕೊಡುತ್ತಿತ್ತು. ಗೂಡಿನೊಳಗಿನ ಹುಳಕ್ಕೆ ಜೀವವಿರುತ್ತದೆ. ಕೊಂಡು ತಂದ ಕೆಲವೇ ದಿನಗಳಲ್ಲಿ ಅದನ್ನು ಸಾಯಿಸದಿದ್ದರೆ ಚಿಟ್ಟೆಯಾಗಿ ಗೂಡು ತೂತು ಮಾಡಿ ಹೊರಗೆ ಬರುತ್ತದೆ. ತೂತು ಬಿದ್ದ ಗೂಡಿನಲ್ಲಿ ನೂಲು ತುಂಡು ತುಂಡು, ಬಿಚ್ಚಲು ಬರುವುದಿಲ್ಲ. ಅಕ್ಕ ಎಲ್ಲರಂತೆ ಬುಟ್ಟಿಗೆ ಹಬೆ ಕೊಟ್ಟು ಹುಳ ಸಾಯಿಸುತ್ತಿದ್ದರು. ಹಬೆ ಕೊಟ್ಟ ಗೂಡು ಒದ್ದೆ. ಬಿಸಿಲಿದ್ದರೆ ಸರಿ, ಮೋಡ ಕಟ್ಟಿದರೆ ಎರಡೇ ದಿನಕ್ಕೆ ಬೂಷ್ಟು. ಮಳೆಗಾಲದಲ್ಲಿ ಅವರ ನೂಲು ಕಡ್ಡಿ ಮುರಿದ ಹಾಗೆ ತುಂಡಾಗುತ್ತಿತ್ತು. ಡ್ರೈಯರು ಬಂದರೆ ಶೆಡ್ಡು ಉಳಿಯುತ್ತದೆ, ಬಾರದಿದ್ದರೆ ಇನ್ನೊಂದು ಮಳೆಗಾಲ ತಡೆಯುವುದಿಲ್ಲ. ಇದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಜ್ಯೇಷ್ಠತಾ ಪಟ್ಟಿಯಲ್ಲಿ ಅವರ ಹೆಸರು ಮೊದಲನೆಯದು. ಮೊದಲನೆಯದಾಗಿಯೇ ಮೂರು ವರ್ಷ ಕಳೆದಿತ್ತು. ಒಂದು ವರ್ಷ ಕಲ್ಯದ ಕಡೆಯ ಪದವೀಧರ ಹುಡುಗ 'ನೌಕರಿ ಬೇಡ ನೂಲು ಸಾಕು' ಎಂಬ ತಲೆಬರಹದಡಿ ಪೇಪರಿನಲ್ಲಿ ಬಂದ, ಡ್ರೈಯರು ಅವನಿಗೆ ಹೋಯಿತು. ಮರುವರ್ಷ ಒಂದು ಮಹಿಳಾ ಸಂಘದವರು ಒಂದೇ ಬಣ್ಣದ ಸೀರೆ ಉಟ್ಟು ಸಾಲಾಗಿ ನಿಂತ ಫೋಟೋ ಬಂತು, ಅವರಿಗೆ ಹೋಯಿತು. ಅವರು ಯಾರೂ ಅನರ್ಹರಲ್ಲ. ಪಟ್ಟಿಯಲ್ಲಿ ಕೆಳಗಿದ್ದವರು, ಅಷ್ಟೆ.

"ಸಾ, ನನ್ ಹೆಸ್ರು ಯಾವಾಗ್ಲೂ ಮೊದ್ಲೇ ಇರ್ತದೆ ಅಂತೀರಿ," ಎಂದರು ಅಕ್ಕ ಒಮ್ಮೆ, ಬೇಸಿನ್ನಿನಿಂದ ಕೈ ತೆಗೆಯದೆ. "ಮೊದ್ಲೇ ಇರೋದು ಮೊದ್ಲು ಬರಾಕಿಲ್ವಾ?"

ಬೇಸಿನ್ನಿನ ಮುಂದಿದ್ದ ಹೆಂಗಸರೆಲ್ಲ ನಕ್ಕರು, ನಾನೂ ನಕ್ಕೆ. ಬೈಕ್ ಹತ್ತಿ ಹೋಗುವಾಗ ಮಾತ್ರ ಮೈಯೆಲ್ಲ ಉರಿಯುತ್ತಿತ್ತು. ಆ ವರ್ಷಕ್ಕೆ ನಮ್ಮ ಪಾಲಿಗೆ ಬಂದಿದ್ದು ಒಂದೇ ಡ್ರೈಯರು. ಈ ಸಲ ಈ ಕಡತಕ್ಕೂ ಒಂದು ತುಣುಕು ಅಂಟಿಸಿಯೇ ಬಿಡುತ್ತೇನೆ ಎಂದು ನಿರ್ಧರಿಸಿದೆ. ನ್ಯಾಯವಾಗಿ ಸಿಗದಿದ್ದರೆ ಅದೇ ಅಡ್ಡದಾರಿಯಲ್ಲಿ ಕೊಡಿಸೋಣ ಎಂಬ ಹಟ. ನನ್ನ ಬುದ್ಧಿವಂತಿಕೆಯ ಬಗ್ಗೆ ನನಗೆ ಆಗ ಬಹಳ ಒಳ್ಳೆಯ ಅಭಿಪ್ರಾಯವಿತ್ತು.

ಕನಕಪುರದಲ್ಲಿ ಪರಿಚಯದ ವರದಿಗಾರನೊಬ್ಬನಿದ್ದ. ಪೇಪರಿಗೂ ಬರೆಯುತ್ತಿದ್ದ, ಒಂದು ಟೀವಿ ಚಾನೆಲ್ಲಿಗೂ ಸುದ್ದಿ ಕಳಿಸುತ್ತಿದ್ದ. ಕೆಟ್ಟವನಲ್ಲ. ಬಸ್ ನಿಲ್ದಾಣದ ಹೋಟೆಲ್ಲಿನಲ್ಲಿ ಕೂತು ನಾನು ಹೇಳಿದ್ದನ್ನೆಲ್ಲ ತಾಳ್ಮೆಯಿಂದ ಕೇಳಿದ.

"ಎಲ್ಲ ಸರಿ ಸಾರ್. ಆದ್ರೆ ಡ್ರೈಯರ್ ಇಲ್ಲ ಅನ್ನೋದ್ನ ಹೆಂಗ್ ತೋರ್ಸ್ಲಿ? ಇಲ್ದೇ ಇರೋದು ಕ್ಯಾಮೆರಾಗೆ ಬೀಳಲ್ಲ," ಎಂದ. ಆಮೇಲೆ ಯೋಚಿಸಿ, "ಗೂಡು ರಾಶಿ ಬಿದ್ದಿರ್ಬೇಕು. ಹಳದಿ, ಫಳಫಳ ಅಂತ. ಆಯಮ್ಮ ಅದ್ರ ಮುಂದೆ ತಲೆ ಮೇಲೆ ಕೈ ಹೊತ್ಕೊಂಡು ಕೂತಿರ್ಬೇಕು. ಬುಧವಾರ ಬೆಳಿಗ್ಗೆ ಬತ್ತೀವಿ," ಎಂದ.

ಸೋಮವಾರ ಅಕ್ಕ ಮಾರುಕಟ್ಟೆಯ ಹರಾಜಿನಲ್ಲಿ ಗೂಡಿನ ದೊಡ್ಡ ಲಾಟು ಹಿಡಿದರು. ಕೈಯಲ್ಲಿದ್ದುದನ್ನೆಲ್ಲ ಹಾಕಿದ್ದರು. ನಾನು ಶೆಡ್ಡಿಗೆ ಹೋಗಿ ಐದಾರು ಗೂಡನ್ನು ಬ್ಲೇಡಿನಿಂದ ಸೀಳಿ ನೋಡಿದೆ. ಹುಳ ತೆಳು ಕಂದು, ಗಟ್ಟಿಯಾಗಿತ್ತು. ಇನ್ನೂ ನಾಲ್ಕು ದಿನ ತಡೆಯುತ್ತದೆ ಎಂದು ಲೆಕ್ಕ ಹಾಕಿದೆ. ಹಬೆ ಕೊಟ್ಟರೆ ಗೂಡು ಮಂಕಾಗುತ್ತದೆ. ಆಕಾಶ ಮೋಡ ಕಟ್ಟಿತ್ತು, ಹಬೆ ಕೊಟ್ಟು ಬುಧವಾರದವರೆಗೆ ಇಟ್ಟರೆ ಬೂಷ್ಟು ಗ್ಯಾರಂಟಿ. ಹಾಗಾಗಿ ಹಸಿಯಾಗಿಯೇ ಇಡುವುದು ಮೇಲು. ಆ ಲೆಕ್ಕದಲ್ಲಿ ತಪ್ಪಿರಲಿಲ್ಲ. ಅಂದೇ ಬಿಚ್ಚಲು ಶುರುಮಾಡುವುದೇ ಎಲ್ಲಕ್ಕಿಂತ ಮೇಲು ಎಂಬುದನ್ನು ಮಾತ್ರ ಲೆಕ್ಕದಿಂದ ಬಿಟ್ಟಿದ್ದೆ.

"ಬುಧವಾರ ಮಧ್ಯಾಹ್ನದ ತನಕ ಮುಟ್ಟಬೇಡಿ ಅಕ್ಕ. ಟೀವಿಯವರು ಬಂದು ಹೋದ ಮೇಲೆ ಹಬೆ ಕೊಡೋಣ," ಎಂದೆ.

ಅಕ್ಕ ಒಂದು ಗೂಡನ್ನು ಕಿವಿಗೆ ಹಿಡಿದು ಅಲ್ಲಾಡಿಸಿದರು. "ಹುಳಕ್ಕೆ ಟೀವಿಯವ್ರು ಬತ್ತಾರೆ ಅಂತ ಗೊತ್ತಾದದಾ ಸಾ? ಅದ್ರ ಟೈಮಿಗೆ ಅದು ಬತ್ತದೆ."

"ನಾಲ್ಕು ದಿನ ಇದೆ. ನಾನಿದ್ದೀನಲ್ಲ."

"ನೀವು ಹೇಳಿದ್ಮೇಲೆ ಇನ್ನೇನು. ಮಡಗ್ತೀನಿ ಬುಡಿ," ಎಂದರು.

ಗೂಡನ್ನು ತಟ್ಟೆಗಳಲ್ಲಿ ತೆಳುವಾಗಿ ಹರಡಿಸಿ, ಕಿಟಕಿಗೆ ಒದ್ದೆ ಗೋಣಿ ಕಟ್ಟಿಸಿ, ಕೋಣೆ ತಂಪಾಗಿರುವಂತೆ ನೋಡಿಕೊಂಡೆ. ತಂಪಿದ್ದರೆ ಹುಳ ಸ್ವಲ್ಪ ನಿಧಾನ. ಬೇಸಿನ್ನಿನ ಹೆಂಗಸರಿಗೆ ಎರಡು ದಿನ ಕೆಲಸವಿಲ್ಲ. ಅವರಲ್ಲಿ ಇಬ್ಬರು ಮಂಗಳವಾರ ಕಾರ್ಖಾನೆಯ ಬಸ್ಸು ಹತ್ತಿ ನೋಡಿಕೊಂಡು ಬಂದರು.

ಬುಧವಾರ ಬೆಳಿಗ್ಗೆ ವರದಿಗಾರನ ಫೋನು. ಹಾರೋಹಳ್ಳಿಯಲ್ಲಿ ಯಾವುದೋ ಕಾರ್ಖಾನೆಗೆ ಮಂತ್ರಿಗಳು ಗುದ್ದಲಿಪೂಜೆ ಮಾಡುತ್ತಾರಂತೆ, ಕ್ಯಾಮೆರಾ ಅಲ್ಲಿಗೆ ಹೋಗಿದೆ, ನಾಳೆ ಖಂಡಿತ. ಆಗಲೇ ನಾನು ಒಲೆ ಹಚ್ಚಿಸಬೇಕಿತ್ತು. ಹಚ್ಚಿಸಲಿಲ್ಲ. ಎರಡು ದಿನ ಕೆಲಸ ನಿಲ್ಲಿಸಿದ್ದು ದಂಡವಾಗುತ್ತದಲ್ಲ ಎಂದುಕೊಂಡೆ.

ಗುರುವಾರ ಬೆಳಿಗ್ಗೆ ಇನ್ನೊಂದು ಗೂಡು ಸೀಳಿದೆ. ಹುಳದ ಕಣ್ಣು ಕಪ್ಪಾಗಿತ್ತು, ಮೈ ಮೆತ್ತಗಾಗಿತ್ತು. ಚಿಟ್ಟೆಯಾಗಲು ಇನ್ನು ಒಂದು ದಿನವೂ ಬೇಕಿರಲಿಲ್ಲ. ವರದಿಗಾರನಿಗೆ ಫೋನ್ ಮಾಡಿದರೆ, ಯಾರೋ ಸಿನಿಮಾ ನಟ ಕಬ್ಬಾಳಮ್ಮನ ದರ್ಶನಕ್ಕೆ ಬರುತ್ತಿದ್ದಾನೆ, ಅದನ್ನು ಮುಗಿಸಿಕೊಂಡು ಹಾಗೇ ಬರುತ್ತೇವೆ, ಒಂದು ಗಂಟೆಯೊಳಗೆ ಅಲ್ಲಿರುತ್ತೇವೆ ಎಂದ. ಅಕ್ಕನ ಮನೆ ಅದೇ ರಸ್ತೆಯಲ್ಲಿ. ಚಾನೆಲ್ಲಿನ ಜೀಪು ಧೂಳೆಬ್ಬಿಸಿಕೊಂಡು ಕಬ್ಬಾಳಿನ ಕಡೆಗೆ ಹೋಗುವುದನ್ನು ನಾವಿಬ್ಬರೂ ಜಗುಲಿಯ ಮೇಲೆ ನಿಂತು ನೋಡಿದೆವು.

ಮಧ್ಯಾಹ್ನ ಒಂದು ಗಂಟೆಯಾಯಿತು, ಮೂರಾಯಿತು. ಮೂರೂವರೆಗೆ ಅಕ್ಕ ಒಳಗಿನಿಂದ ಬಂದು ಕೈ ಮುಂದೆ ಚಾಚಿದರು. ಅಂಗೈಯ ಗೂಡಿನ ತುದಿ ಒದ್ದೆಯಾಗಿತ್ತು. ಚಿಟ್ಟೆ ಒಳಗಿನಿಂದ ಎಂಜಲು ಬಿಟ್ಟು ನೂಲು ಮೆತ್ತಗೆ ಮಾಡಿಕೊಳ್ಳುವುದು ಹಾಗೆ.

"ಸಾ, ಇನ್ನು ಕಾಯಾದು ಬ್ಯಾಡ."

ಒಲೆ ಹಚ್ಚಿದೆವು. ಸೌದೆ ಹಸಿ, ಹೊಗೆಯೇ ಹೊರತು ಉರಿಯಿಲ್ಲ. ಅವರ ಹಬೆಯ ಪೆಟ್ಟಿಗೆಗೆ ಒಂದು ಸಲಕ್ಕೆ ಎರಡೇ ಬುಟ್ಟಿ ಹಿಡಿಯುತ್ತಿತ್ತು. ದಿನಕ್ಕಿಷ್ಟು ಅಂತ ಬಿಚ್ಚುವವರಿಗೆ ಅಷ್ಟು ಸಾಕು, ಇಡೀ ಲಾಟು ಒಟ್ಟಿಗೆ ಸಾಯಿಸಲು ಸಾಕಾಗುವುದಿಲ್ಲ. ಅದಕ್ಕೇ ಅಲ್ಲವೇ ಡ್ರೈಯರು ಕೇಳಿದ್ದು. ಗಂಡ ಹೊಲದಿಂದ ಓಡಿ ಬಂದ, ಅಕ್ಕಪಕ್ಕದವರೂ ಸೇರಿದರು. ನಾನು ಪ್ಯಾಂಟು ಮಡಚಿ ಬುಟ್ಟಿ ಹೊತ್ತೆ. ಕತ್ತಲಾಗುವ ಹೊತ್ತಿಗೆ ಕಾಲುಭಾಗ ಮುಗಿದಿತ್ತು. ರಾತ್ರಿಯಾದ ಮೇಲೆ ಮನೆಯವರೇ ಮುಂದುವರಿಸುತ್ತೇವೆಂದು ನನ್ನನ್ನು ಕಳಿಸಿಬಿಟ್ಟರು.

ಶುಕ್ರವಾರ ಬೆಳಿಗ್ಗೆ ನಾನು ಹೋದಾಗ ಕೋಣೆಯಲ್ಲಿ ಹಳದಿ ಕಾಣುತ್ತಿರಲಿಲ್ಲ. ತಟ್ಟೆ, ಗೋಡೆ, ಕಿಟಕಿಯ ಗೋಣಿ ಎಲ್ಲ ಕಡೆ ಬಿಳಿ ಚಿಟ್ಟೆ. ಒಂದರ ಮೇಲೊಂದು ಹತ್ತಿ ರೆಕ್ಕೆ ಬಡಿಯುತ್ತಿದ್ದವು, ಜೋಡಿ ಕಟ್ಟಿದ್ದವು, ತೂತು ಬಿದ್ದ ಗೂಡುಗಳ ಮೇಲೆ ಕಂದು ನೀರು ಬಿಡುತ್ತಿದ್ದವು. ಮೂಗು ಮುಚ್ಚದೆ ನಿಲ್ಲಲಾಗದ ವಾಸನೆ. ಅಕ್ಕ ಹೊಸ್ತಿಲ ಮೇಲೆ ಕೂತಿದ್ದರು. ಅಳುತ್ತಿರಲಿಲ್ಲ. ಹಬೆಗೆ ಸುಟ್ಟ ಅಂಗೈಗೆ ಏನೋ ಸೊಪ್ಪು ಅರೆದು ಹಚ್ಚಿಕೊಂಡಿದ್ದರು. ನನಗೆ ಅವರ ಮುಖ ನೋಡಲಾಗಲಿಲ್ಲ. ನಾಚಿಕೆಯಿಂದ ಸತ್ತೇ ಹೋದೆ ಅನ್ನುತ್ತಾರಲ್ಲ, ಹಾಗಾಯಿತು.

ಹತ್ತು ಗಂಟೆಗೆ ಕ್ಯಾಮೆರಾ ಬಂತು.

ವರದಿಗಾರ ಬಾಗಿಲಲ್ಲೇ ನಿಂತು, "ಅಬ್ಬಾ, ಸಾರ್!" ಎಂದ. ಗೂಡಿನ ರಾಶಿಗಿಂತ ಇದು ಅವನಿಗೆ ಎಷ್ಟೋ ಪಾಲು ಮೇಲಾಗಿತ್ತು. ಕ್ಯಾಮೆರಾದವನು ಒಳಗೆ ನುಗ್ಗಿ, "ಸ್ವಲ್ಪ ಹಾರ್ಸಿ ಸಾರ್," ಎಂದ.

"ಇವು ಹಾರಲ್ಲ. ಹಾರೋ ಶಕ್ತಿ ಇಲ್ಲ ಇವಕ್ಕೆ," ಎಂದೆ.

ಅವನು ತಾನೇ ಒಂದು ತಟ್ಟೆ ಎತ್ತಿ ಒದರಿದ. ಚಿಟ್ಟೆಗಳು ಅಕ್ಕಿ ಚೆಲ್ಲಿದ ಹಾಗೆ ನೆಲಕ್ಕೆ ಬಿದ್ದು ಒದ್ದಾಡಿದವು. ಅದನ್ನು ಎರಡು ಸಲ ಚಿತ್ರಿಸಿಕೊಂಡ.

ಆಮೇಲೆ ಅಕ್ಕನ ಮುಂದೆ ಮೈಕು ಹಿಡಿದರು. ಹೇಗಾಯಿತಮ್ಮ ಎಂದು ಕೇಳಿದ ವರದಿಗಾರ. ಅಕ್ಕ ನೇರವಾಗಿ ಹೇಳಿದರು, "ಸಾಹೇಬ್ರು ಟೀವಿಯವ್ರು ಬರೋಗಂಟ ಮಡಗಿ ಅಂದ್ರು, ಮಡಗ್ದೆ." ಅದರಲ್ಲಿ ದೂರು ಇರಲಿಲ್ಲ. ನಡೆದದ್ದು ಹಾಗೆ, ಹೇಳಿದರು.

ವರದಿಗಾರ ನನ್ನನ್ನು ನೋಡಿದ. ಮತ್ತೆ ಅಕ್ಕನ ಕಡೆ ತಿರುಗಿ, "ವಿದೇಶಿ ರೇಷ್ಮೆ ಬಂದು ರೇಟು ಬಿದ್ದೋಗಿದೆ, ಅದಕ್ಕೇ ಬಿಚ್ಚದೆ ಬಿಟ್ಬಿಟ್ರಿ ಅಲ್ವಾಮ್ಮ?" ಎಂದ.

ಅಕ್ಕ ಸ್ವಲ್ಪ ಯೋಚಿಸಿದರು. "ಅದೂ ಐತೆ," ಎಂದರು.

ಸಂಜೆಯ ಸುದ್ದಿಯಲ್ಲಿ ಅವರ ಬಾಯಿಂದ ಬಂದದ್ದು ಆ ಎರಡು ಪದ ಮಾತ್ರ. ಅದರ ಹಿಂದೆ ಮುಂದೆ ಚಿಟ್ಟೆಗಳು ಒದ್ದಾಡುತ್ತಿದ್ದವು. ಬೆಲೆ ಕುಸಿತಕ್ಕೆ ಬೇಸತ್ತ ರೀಲರು ಮಹಿಳೆ ಇಡೀ ಲಾಟನ್ನು ಕೈಬಿಟ್ಟಳು ಎಂದು ಓದಿದರು. ನನ್ನ ಹೆಸರು ಎಲ್ಲೂ ಬರಲಿಲ್ಲ. ನನಗೆ ಸಮಾಧಾನವಾಯಿತು. ಆ ಸಮಾಧಾನವನ್ನು ನೆನೆಸಿಕೊಂಡರೆ ಈಗಲೂ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಮರುದಿನ ಮೇಲಧಿಕಾರಿಯ ಕರೆ. "ಮಂತ್ರಿಗಳೇ ನೋಡಿದಾರ್ರೀ. ಪರಿಹಾರ ಘೋಷಣೆ ಆಗುತ್ತೆ. ಸಂಜೆಯೊಳಗೆ ನಿಮ್ಮ ಸ್ಥಳ ಪರಿಶೀಲನಾ ವರದಿ ನನ್ನ ಟೇಬಲ್ ಮೇಲಿರಬೇಕು. ಟೀವಿಲಿ ಬಂದಿದ್ದಕ್ಕೆ ವಿರುದ್ಧವಾಗಿ ಏನೂ ಬರೀಬೇಡಿ, ಆಮೇಲೆ ಎಲ್ಲರಿಗೂ ತಲೆನೋವು."

ವರದಿಯ ನಮೂನೆಯಲ್ಲಿ 'ನಷ್ಟಕ್ಕೆ ಕಾರಣ' ಎಂಬ ಒಂದು ಕಲಂ. ಒಣಗಿಸುವ ವ್ಯವಸ್ಥೆ ಇಲ್ಲದ್ದರಿಂದ ಎಂದು ಬರೆದರೆ, ಬಿಚ್ಚದೆ ನಾಲ್ಕು ದಿನ ಇಟ್ಟಿದ್ದೇಕೆ ಎಂದು ಕೇಳುತ್ತಾರೆ. ಅದಕ್ಕೆ ಉತ್ತರ ನಾನು. ಪೆನ್ನು ಹಿಡಿದು ಅರ್ಧ ದಿನ ಕೂತೆ. ಕೊನೆಗೆ 'ದರ ಕುಸಿತದಿಂದಾಗಿ ಬಿಚ್ಚಣಿಕೆ ಸ್ಥಗಿತಗೊಳಿಸಿದ್ದು ಕಂಡುಬಂದಿರುತ್ತದೆ' ಎಂದು ಬರೆದು ಸಹಿ ಹಾಕಿದೆ. ಅಕ್ಕನಿಗೆ ಪರಿಹಾರವಾದರೂ ಸಿಗಲಿ ಎಂದುಕೊಂಡೆ. ಅರ್ಧ ನಿಜ. ಉಳಿದರ್ಧ ನನ್ನ ನೌಕರಿಯ ಭಯ.

ಪರಿಹಾರ ಬಂತು, ಬಹಳ ಬೇಗ ಬಂತು. ರಾಮನಗರದಲ್ಲಿ ಒಂದು ಸಮಾರಂಭದ ವೇದಿಕೆಯ ಮೇಲೆ ಅಕ್ಕನ ಕೈಗೆ ಚೆಕ್ಕು ಕೊಟ್ಟು, ಫೋಟೋಗೆ ಸರಿಯಾಗಿ ಬೀಳಲಿಲ್ಲವೆಂದು ವಾಪಸು ಇಸಿದುಕೊಂಡು ಇನ್ನೊಂದು ಸಲ ಕೊಟ್ಟರು. ಕೆಳಗಿಳಿದು ಬಂದ ಅಕ್ಕ, "ಸಾ, ಇದು ಡ್ರೈಯರಿಗಾ?" ಎಂದು ಕೇಳಿದರು.

"ಇಲ್ಲ ಅಕ್ಕ, ಇದು ಗೂಡು ಹೋಯ್ತಲ್ಲ ಅದಕ್ಕೆ. ಡ್ರೈಯರು ಬೇರೆ ಬರುತ್ತೆ," ಎಂದೆ. ಆ ಚೆಕ್ಕು ಲಾಟಿನ ಅರ್ಧಕ್ಕೂ ಸಾಲುತ್ತಿರಲಿಲ್ಲ. ಆದರೂ ನಾನು ಹೇಳಿದ್ದು ಸುಳ್ಳಲ್ಲ ಎಂದೇ ನಂಬಿದ್ದೆ.

ಎರಡು ತಿಂಗಳಾದ ಮೇಲೆ ಡ್ರೈಯರಿನ ಮಂಜೂರಾತಿ ಪಟ್ಟಿ ಬಂತು. ಅಕ್ಕನ ಹೆಸರಿನ ಮೇಲೆ ಅಡ್ಡಗೆರೆ. ಪಕ್ಕದಲ್ಲಿ ಟಿಪ್ಪಣಿ: 'ಸ್ಥಳ ಪರಿಶೀಲನಾ ವರದಿಯಂತೆ ಅರ್ಜಿದಾರರ ನಷ್ಟಕ್ಕೆ ದರ ಕುಸಿತ ಕಾರಣವಾಗಿದ್ದು, ಒಣಗಿಸುವ ಯಂತ್ರದ ಅಗತ್ಯ ಕಂಡುಬರುವುದಿಲ್ಲ. ಕೈಬಿಡಬಹುದು.' ಕೆಳಗೆ ನನ್ನ ವರದಿಯ ಸಂಖ್ಯೆ. ಆ ವರ್ಷದ ಒಂದೇ ಡ್ರೈಯರು ಹಾರೋಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಹೊಸದಾಗಿ ಶುರುವಾದ ಘಟಕಕ್ಕೆ ಹೋಗಿತ್ತು. ಅದರ ಉದ್ಘಾಟನೆ ಬಣ್ಣದ ಪುಟದಲ್ಲಿ ಬಂದಿತ್ತು.

ನನ್ನ ಕೈಬರಹವೇ ಅವರ ಅರ್ಜಿಯ ಕುತ್ತಿಗೆ ಹಿಚುಕಿತ್ತು. ಅವತ್ತು ಮೊದಲ ಸಲ ಭಯ ಬಿಟ್ಟೆ. ನಡೆದದ್ದನ್ನೆಲ್ಲ ಎರಡು ಪುಟ ಬರೆದು, ನನ್ನ ವರದಿ ತಪ್ಪು, ಗೂಡು ಇಡಿಸಿದ್ದು ನಾನು, ಡ್ರೈಯರು ಇದ್ದಿದ್ದರೆ ಲಾಟು ಉಳಿಯುತ್ತಿತ್ತು, ನನ್ನ ಮೇಲೆ ಏನು ಕ್ರಮ ಬೇಕಾದರೂ ತೆಗೆದುಕೊಳ್ಳಿ ಎಂದು ಮೇಲಧಿಕಾರಿಯ ಮುಂದಿಟ್ಟೆ.

ಅವರು ಪೂರ್ತಿ ಓದಿದರು. ಬಯ್ಯಲಿಲ್ಲ. ಕನ್ನಡಕ ತೆಗೆದು, "ನಿಮಗೆ ನೋಟಿಸ್ ಕೊಡೋದು ದೊಡ್ಡದಲ್ಲ. ಆದ್ರೆ ಕಾರಣ ಸುಳ್ಳು ಅಂತಾದ್ರೆ ಪರಿಹಾರನೂ ಸುಳ್ಳು ಹೇಳಿ ಪಡೆದಂಗಾಯ್ತು. ಆಯಮ್ಮನಿಂದ ವಾಪಸ್ ವಸೂಲಿ ಮಾಡ್ಬೇಕಾಗುತ್ತೆ. ಮಾಡೋಣ್ವಾ?" ಎಂದರು.

ಆ ಹಣದಲ್ಲಿ ಅಕ್ಕ ಆಗಲೇ ಮತ್ತೆ ಗೂಡು ಕೊಂಡಿದ್ದರು. ಕಾಗದವನ್ನು ವಾಪಸು ತೆಗೆದುಕೊಂಡೆ. ಅದು ಇವತ್ತಿಗೂ ನನ್ನ ಹತ್ತಿರ ಇದೆ.

ಹೋಗಿ ಅಕ್ಕನಿಗೆ ಎಲ್ಲ ಹೇಳಿದೆ, ಏನೂ ಮುಚ್ಚಿಡದೆ. ಬಾಯಿಗೆ ಬಂದ ಹಾಗೆ ಬಯ್ಯಲಿ ಎಂದು ಕಾದು ನಿಂತೆ.

"ಚೆಕ್ ಕೊಡೋವಾಗ ರೇಟು ಬಿದ್ದಿದ್ಕೆ ಅಂತ ಓದುದ್ರಲ್ಲ, ನೀವು ಬರ್ದಿದ್ದು ಸುಳ್ಳು ಅಂತ ಅವತ್ತೇ ಗೊತ್ತಿತ್ತು ಸಾ," ಎಂದರು ಅಕ್ಕ. "ನಮ್ಗಾಗಿ ಬಂದು ಬುಟ್ಟಿ ಹೊತ್ತೋರು, ನಿಮ್ ಕೆಲ್ಸಕ್ಕೆ ತೊಂದ್ರೆ ಆಗ್ದಿದ್ರೆ ಸಾಕು ಅಂತ ನಾನೂ ಸುಮ್ಕಾದೆ." ಆಮೇಲೆ ಒಳಗೆ ಹೋಗಿ ಮಜ್ಜಿಗೆ ತಂದುಕೊಟ್ಟರು. ನನಗೆ ಕುಡಿಯಲಾಗಲಿಲ್ಲ, ಬಿಡಲೂ ಆಗಲಿಲ್ಲ.

ಆ ಮಳೆಗಾಲ ಬೂಷ್ಟಿನಲ್ಲೇ ಹೋಯಿತು. ಎಂಟು ಬೇಸಿನ್ ಐದಾದವು, ಐದು ಎರಡಾದವು. ಹೆಂಗಸರು ಕಾರ್ಖಾನೆಯ ಬಸ್ಸಿಗೆ ಹೋದರು. ದೀಪಾವಳಿ ಕಳೆದು ನಾನು ಆ ಕಡೆ ಹೋದಾಗ ಶೆಡ್ಡಿನೊಳಗೆ ದನ ಕಟ್ಟಿದ್ದರು. ಅಕ್ಕನೂ ಆರು ಗಂಟೆಯ ಬಸ್ಸು ಹತ್ತುತ್ತಾರೆಂದು ಅವರ ಗಂಡ ಹೇಳಿದ. ನನ್ನ ಪಟ್ಟಿಯಲ್ಲಿ ಎರಡನೆಯ ಹೆಸರು ಮೊದಲನೆಯದಾಯಿತು.

ಆ ಎರಡನೆಯ ಹೆಸರಿನ ರೀಲರು ಕನಕಪುರದ ಹತ್ತಿರದವನು, ನಾಲ್ಕು ಬೇಸಿನ್ನಿನವನು. ಮರುವರ್ಷ ಅವನ ಶೆಡ್ಡಿಗೆ ಹೋದಾಗ ಕೊಂಡು ತಂದ ಗೂಡು ಬುಟ್ಟಿಗಳಲ್ಲೇ ಇತ್ತು, ಒಲೆ ತಣ್ಣಗಿತ್ತು.

"ಯಾಕಪ್ಪ, ಇನ್ನೂ ಹಬೆ ಕೊಟ್ಟಿಲ್ಲ?"

ಅವನು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ಎಷ್ಟ್ ದಿನ ಮಡಗ್ಬೇಕು ಸಾ?"

ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅರ್ಥವಾದ ಮೇಲೆ ಜೋರಾಗಿಯೇ ಕೂಗಾಡಿದೆ. ಅಕ್ಕನಿಗೆ ಡ್ರೈಯರು ಬರಲಿಲ್ಲ, ಶೆಡ್ಡು ಮುಚ್ಚಿತು, ಈಗಲೇ ಒಲೆ ಹಚ್ಚು ಎಂದೆ. ಅವನು ಎಲ್ಲ ಕೇಳಿಸಿಕೊಂಡ. ಅವನ ಮುಖದಲ್ಲಿದ್ದುದು ಹೆದರಿಕೆಯಲ್ಲ, ಬೇಜಾರು.

"ಟೀವೀಲಿ ನಾವೂ ನೋಡುದ್ವಲ್ಲ ಸಾ, ಚೆಕ್ ಇಸ್ಕಂಡಿದ್ದ. ಆಯಮ್ಮಂಗಾದ್ರೆ ಹೇಳ್ಕೊಟ್ರಿ. ನಾವೇನ್ ಪಾಪ ಮಾಡಿದ್ವಿ?"

ಬುಟ್ಟಿಗಳನ್ನು ನಾನೇ ಎತ್ತಿ ಪೆಟ್ಟಿಗೆಯೊಳಗೆ ಇಟ್ಟೆ. ಹಬೆ ಏಳುವವರೆಗೂ ಅಲ್ಲಿಂದ ಕದಲಲಿಲ್ಲ. ಕೊನೆಯ ಬುಟ್ಟಿ ಇಳಿಸಿದ ಮೇಲೆಯೇ ಬೈಕ್ ಹತ್ತಿದೆ. ಅಷ್ಟೇ ಗೂಡನ್ನು ಅವನು ಒಳಗಿನ ಕೋಣೆಯಲ್ಲೂ ಇಟ್ಟಿದ್ದಾನೆಂದು ನನಗೆ ಗೊತ್ತಿರಲಿಲ್ಲ.

ಐದನೆಯ ದಿನ ಕಚೇರಿಗೆ ಫೋನು ಬಂತು. ದನಿಯಲ್ಲಿ ಖುಷಿಯಿತ್ತು.

"ಸಾ, ಚಿಟ್ಟೆ ಬಂದವೆ, ರೂಮ್ ತುಂಬ. ಆ ಟೀವಿಯವ್ರಿಗೆ ಒಸಿ ಹೇಳ್ತೀರಾ?"